ಡ್ಯೂಟಿ ಮುಗಿಯದ ಸೋದರಳಿಯನಿಗೆ

ಪುಟ್ಟು,

"ನಾನು ಮೆಡಿಸಿನ್‌ಗೆ ಲಾಯಕ್ಕಿಲ್ಲ ಅನ್ನಿಸ್ತಿದೆ ಅತ್ತೆ" ಅಂತ ಬೆಳಗಿನ ಜಾವ ನಾಲ್ಕು ಗಂಟೆಗೆ ಮೆಸೇಜು ಹಾಕಿದ್ದೀಯ. ಫೋನಿನಲ್ಲಿ ಎರಡು ಸಮಾಧಾನದ ಮಾತು ಹೇಳಿದ್ದರೆ 'ಸರಿ ಅತ್ತೆ' ಅಂದು ಮತ್ತೆ ಕ್ಯಾಶುಯಲ್ಟಿಗೆ ಓಡುತ್ತಿದ್ದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹತ್ತು ಜನ ಓದುವಂತೆ ಬರೆಯುತ್ತಿದ್ದಾಳಲ್ಲ ಅಂತ ಬೇಸರ ಮಾಡಿಕೊಳ್ಳಬೇಡ. ನಿನ್ನ ಕಾಲೇಜಿನ ಹೆಸರಿಲ್ಲ, ಊರಿನ ಹೆಸರಿಲ್ಲ. ಅದೇ ಮೆಸೇಜನ್ನು ಒಂದಕ್ಷರ ಬದಲಿಸದೆ ಮನೆಯವರಿಗೆ ಕಳಿಸಬಹುದಾದ ಮೊದಲ ವರ್ಷದ ಪಿಜಿಗಳು ಎಲ್ಲ ಹಾಸ್ಟೆಲುಗಳಲ್ಲೂ ಇದ್ದಾರೆ. ಬಹಳಷ್ಟು ಮಂದಿ ಟೈಪು ಮಾಡಿ ಅಳಿಸಿಬಿಡುತ್ತಾರೆ.

ಲಾಯಕ್ಕಿನ ಮಾತು ಆಮೇಲೆ. ಆ ಮೆಸೇಜು ಹಾಕುವಾಗ ನೀನು ಎದ್ದು ಎಷ್ಟು ಹೊತ್ತಾಗಿತ್ತು ಹೇಳು. ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಅಡ್ಮಿಷನ್ ಡೇ ಅಂದೆ. ಅಂದರೆ ಹಿಂದಿನ ಬೆಳಿಗ್ಗೆ ಆರಕ್ಕೇ ಎದ್ದಿರುತ್ತೀಯ, ಇಪ್ಪತ್ತೆರಡು ಗಂಟೆ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬಿಬ್ಬರು ನಿದ್ದೆಗೆಟ್ಟವರನ್ನೂ ಕುಡಿದವರನ್ನೂ ಒಂದೇ ಪರೀಕ್ಷೆಗೆ ಕೂರಿಸಿ ಅಳೆದರು. ಇಪ್ಪತ್ತನಾಲ್ಕು ಗಂಟೆ ಎದ್ದಿದ್ದವನ ಕೈ-ಕಣ್ಣು, ರಕ್ತದಲ್ಲಿ 0.10% ಆಲ್ಕೋಹಾಲ್ ಇದ್ದವನಷ್ಟೇ ತಪ್ಪುತ್ತಿದ್ದವು. ನಮ್ಮ ಮೋಟಾರು ವಾಹನ ಕಾಯ್ದೆ ವಾಹನ ಓಡಿಸುವವನಿಗೆ ಇಟ್ಟಿರುವ ಮಿತಿ 0.03%. ಹಾಗಿದ್ದ ಮಿದುಳು ಕೊಟ್ಟ ತೀರ್ಪನ್ನು ನೀನು ನಿನ್ನ ಇಡೀ ಬದುಕಿಗೆ ಒಪ್ಪಿಕೊಂಡು ಕೂತಿದ್ದೀಯ. ಕುಡಿದು ಬಂದ ರೋಗಿಯ ಕೈಲಿ ಕನ್ಸೆಂಟ್ ಫಾರಂಗೆ ಸಹಿ ಹಾಕಿಸಿಕೊಳ್ಳುತ್ತೀಯೇನೋ?

ಇನ್ನೊಂದು. ಡ್ಯೂಟಿ ಮುಗಿಸಿ ಸ್ಕೂಟರ್ ಹತ್ತುವುದನ್ನು ಇವತ್ತಿನಿಂದಲೇ ಬಿಡು. ಅಮೆರಿಕದ ಇಂಟರ್ನ್‌ಗಳ ಮೇಲೆ 2005ರಲ್ಲಿ ನಡೆದ ಅಧ್ಯಯನದಲ್ಲಿ, ದೀರ್ಘ ಡ್ಯೂಟಿ ಮುಗಿಸಿ ಹೊರಟವರಿಗೆ ಅಪಘಾತವಾಗುವ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು. ಆಟೋಗೆ ಎಂಬತ್ತು ರೂಪಾಯಿ ಆಗುತ್ತೆ, ಆಗಲಿ.

ಇಷ್ಟು ಗಂಟೆ ನೀನು ವೈದ್ಯಕೀಯ ಕಲಿಯುತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ವಾರ್ಡಿನವರಿಗೆಲ್ಲ ರಕ್ತ ಎಳೆಯುವುದು, ಏಪ್ರನ್ ಜೇಬಿನಲ್ಲಿ ಟ್ಯೂಬು ತುಂಬಿಕೊಂಡು ಅಟೆಂಡರ್ ಇಲ್ಲವೆಂದು ತಾನೇ ಲ್ಯಾಬಿಗೆ ನಡೆಯುವುದು, ರೌಂಡ್ಸ್‌ಗೆ ಮುಂಚೆ ರಿಪೋರ್ಟು ಸಿಗಲಿಲ್ಲವೆಂದು ಬೈಸಿಕೊಳ್ಳುವುದು, ಸ್ಕ್ಯಾನಿಂಗ್ ಡೇಟಿಗೆ ರೇಡಿಯಾಲಜಿ ಬಾಗಿಲಲ್ಲಿ ಕಾಯುವುದು, ಅದೇ ಹೆಸರು, ಅದೇ ವಯಸ್ಸು, ಅದೇ ಐಪಿ ನಂಬರನ್ನು ಹತ್ತು ಫಾರಂಗಳಲ್ಲಿ ಬರೆಯುವುದು. ಒಬ್ಬ ಗುಮಾಸ್ತ, ಒಬ್ಬ ಫ್ಲೆಬಾಟಮಿ ಟೆಕ್ನಿಷಿಯನ್, ಇಬ್ಬರು ಅಟೆಂಡರುಗಳ ಕೆಲಸವನ್ನು ಒಬ್ಬ ಎಂಬಿಬಿಎಸ್ ಆದವನ ಕೈಲಿ ಮಾಡಿಸಿದರೆ ಆಸ್ಪತ್ರೆಗೆ ಉಳಿತಾಯ. ಅದಕ್ಕೆ 'ಟ್ರೇನಿಂಗ್' ಅಂತ ಹೆಸರಿಟ್ಟರೆ ಯಾರೂ ಕೇಳುವುದಿಲ್ಲ.

ದಣಿವಿನ ಬಗ್ಗೆ ನನಗೆ ಅಷ್ಟು ಭಯವಿಲ್ಲ, ಮಲಗಿದರೆ ಹೋಗುತ್ತೆ. ನಾನು ಹೆದರುವುದು ಬೇರೆಯದಕ್ಕೆ. ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ 1981ರಲ್ಲಿ ಬರ್ನೌಟ್ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಭಾಗ: ಮನಸ್ಸು ಬರಿದಾಗುವುದು, ಎದುರಿಗಿರುವವರು ಮನುಷ್ಯರೆಂಬುದು ಮರೆತುಹೋಗುವುದು, ಏನು ಮಾಡಿದರೂ ಪ್ರಯೋಜನವಿಲ್ಲ ಅನ್ನಿಸುವುದು. ಮೊದಲನೆಯದೂ ಮೂರನೆಯದೂ ನಮಗೆ ತಾನಾಗೇ ಗೊತ್ತಾಗುತ್ತವೆ. ನಡುವಿನದು ಇದೆಯಲ್ಲ, ಅದು ಬಂದದ್ದು ಬಂದವನಿಗೆ ತಿಳಿಯುವುದಿಲ್ಲ. ನೀನು ಕೇಸ್ ಶೀಟಿನಲ್ಲಿ ತಲೆ ಹುದುಗಿಸಿ ಬರೆಯುತ್ತಿರುತ್ತೀಯ. ಹೆಂಗಸೊಬ್ಬಳು ಬಂದು, "ಸಾರ್, ನಮ್ಮೆಜಮಾನ್ರಿಗೆ ಗಂಜಿ ಕೊಡಬಹುದಾ?" ಅಂತ ಕೇಳುತ್ತಾಳೆ. ಆರನೇ ಸಲ ಕೇಳುತ್ತಿರಬಹುದು. ನೀನು ತಲೆ ಎತ್ತದೆ, "ಯಾವ ಬೆಡ್ಡು?" ಅನ್ನುತ್ತೀಯ. ಆಮೇಲೆ "ಹದಿನಾಲ್ಕು ಎನ್‌ಪಿಓ" ಅಂತ, ಅಂದರೆ ಬಾಯಿಗೆ ಏನೂ ಕೊಡಬಾರದು ಅಂತ, ಸಿಸ್ಟರಿಗೆ ಕೂಗುತ್ತೀಯ. ಅವಳಿಗೆ ಉತ್ತರ ಸಿಗಲಿಲ್ಲ. ನಿನ್ನ ಲೆಕ್ಕದಲ್ಲಿ ಕೆಲಸ ಮುಗಿಯಿತು. ಒಂದು ದಿನ ಹೀಗಾದರೆ ಚಿಂತೆಯಿಲ್ಲ, ಯಾರೂ ದೇವರಲ್ಲ. ತಿಂಗಳುಗಟ್ಟಲೆ ಹೀಗೇ ಆಗಿ, ಬೆಡ್ಡು ಖಾಲಿಯಾದಾಗ ರೋಗಿ ಮನೆಗೆ ಹೋದನೋ ತೀರಿಕೊಂಡನೋ ಎರಡೂ ಒಂದೇ ಥರದ ನಿರಾಳ ಅನ್ನಿಸತೊಡಗಿದರೆ, ಆವತ್ತು ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ.

"ನಾವೂ ಪಟ್ಟಿದ್ದೇವೆ, ನೀವೂ ಪಡಿ" ಎಂಬ ಮಾತನ್ನು ದಿನಾ ಕೇಳುತ್ತಿದ್ದೀಯ ಎಂದು ಗೊತ್ತು. ಈ ಪದ್ಧತಿ ಬಂದದ್ದಾದರೂ ಎಲ್ಲಿಂದ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆದಾಗ ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಮಹಾನ್ ಸರ್ಜನ್ ಇದ್ದ. ಕಲಿಯುವವನು ಆಸ್ಪತ್ರೆಯಲ್ಲೇ ವಾಸ, ಹಗಲು ರಾತ್ರಿ ಕೆಲಸ ಎಂಬ ಅಚ್ಚು ಹಾಕಿದವರಲ್ಲಿ ಅವನು ಮುಖ್ಯ. ಅರಿವಳಿಕೆಗಾಗಿ ಕೊಕೇನನ್ನು ತನ್ನ ಮೇಲೇ ಪ್ರಯೋಗಿಸಿಕೊಂಡು ಅದರ ದಾಸನಾಗಿದ್ದವನೂ ಅವನೇ. ಅದನ್ನು ಬಿಡಿಸಲು ಹೋಗಿ ಮಾರ್ಫಿನ್ ಅಂಟಿಕೊಂಡು ಕಡೆತನಕ ಉಳಿಯಿತು. ನಿಮ್ಮ ಚೀಫ್ ಮುಂದೆ ಇದನ್ನು ಹೇಳಲು ಹೋಗಬೇಡ, ಮನಸ್ಸಿನಲ್ಲಿಟ್ಟುಕೋ.

ನಾವು ಡ್ಯೂಟಿ ಮಾಡುತ್ತಿದ್ದ ಕಾಲದಲ್ಲೂ ರಾತ್ರಿಯಿಡೀ ಎದ್ದಿರುತ್ತಿದ್ದೆವು, ನಿಜ. ಆದರೆ ರಾತ್ರಿ ಮಾಡಲು ಇದ್ದದ್ದಾದರೂ ಏನು? ಡ್ರಿಪ್ಪು, ಆಕ್ಸಿಜನ್ನು, ಒಂದಿಷ್ಟು ಇಂಜೆಕ್ಷನ್ನು, ಎದೆಯ ಎಕ್ಸ್‌ರೇ. ಈಗ ಒಬ್ಬ ಸೆಪ್ಸಿಸ್ ರೋಗಿಗೆ ರಾತ್ರಿಯಿಡೀ ಗಂಟೆಗೊಂದು ಲೆಕ್ಕ, ವೆಂಟಿಲೇಟರಿನ ಅಲಾರಮ್ಮು, ವಾಟ್ಸಾಪ್ ಗ್ರೂಪಿನಲ್ಲಿ ಚೀಫ್‌ಗೆ ಅಪ್ಡೇಟು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಹಿರಿಯರ ಬಗ್ಗೆ ನನಗೆ ಗೌರವ ಕಡಿಮೆ.

ಕಾಗದದ ಮೇಲೆ ನಿಯಮಗಳು ಇಲ್ಲದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಜೂನಿಯರ್ ರೆಸಿಡೆಂಟ್‌ಗೆ ವಾರಕ್ಕೆ 48 ಗಂಟೆ, ಒಂದು ಹೊತ್ತಿಗೆ 12 ಗಂಟೆ ಮೀರಬಾರದು ಎಂದು ಬರೆದಿಟ್ಟಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿಯಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ ಇವೆ. ಕೆಲಸದ ಗಂಟೆ ಎಷ್ಟು ಅನ್ನುವ ಕಡೆ ಮಾತ್ರ 'ಸಮಂಜಸ' ಎಂದು ಬರೆದು ಜಾರಿಕೊಂಡಿದ್ದಾರೆ. 2024ರಲ್ಲಿ ಆಯೋಗದ್ದೇ ಕಾರ್ಯಪಡೆ, ನಮ್ಮ ನಿಮ್ಹಾನ್ಸ್‌ನ ಪ್ರಾಧ್ಯಾಪಕರ ನೇತೃತ್ವದಲ್ಲಿ, ವಾರಕ್ಕೆ 74 ಗಂಟೆ ದಾಟಬಾರದು, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಬೇಕು ಎಂದಿತು. ನೋಡು, 48 ಇದ್ದದ್ದು 74 ಆಗಿದೆ. ಆ 74 ಕೂಡ ನಿನ್ನ ಕಣ್ಣಿಗೆ ಬೇಸಿಗೆ ರಜೆಯ ಹಾಗೆ ಕಾಣುತ್ತೆ.

ಅದೇ ಕಾರ್ಯಪಡೆಯ ಆನ್‌ಲೈನ್ ಸಮೀಕ್ಷೆಗೆ 5,337 ಪಿಜಿಗಳು ಉತ್ತರ ಕೊಟ್ಟರು. ಅವರಲ್ಲಿ ಸುಮಾರು 31% ಮಂದಿಗೆ ಹಿಂದಿನ ಒಂದು ವರ್ಷದಲ್ಲಿ ಸಾವಿನ ಯೋಚನೆ ಬಂದಿತ್ತು. ನೊಂದವರೇ ಹೆಚ್ಚಾಗಿ ಉತ್ತರಿಸಿರಬಹುದು, ಒಪ್ಪೋಣ. ಅರ್ಧಕ್ಕೆ ಇಳಿಸಿದರೂ ನಿನ್ನ ಡ್ಯೂಟಿ ರೂಮಿನಲ್ಲಿ ಅಂಥವರು ಒಬ್ಬರಾದರೂ ಇದ್ದಾರೆ. ಡ್ಯೂಟಿ ರೂಮ್ ಎಂಬುದಿದ್ದರೆ ತಾನೆ? ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ 2024ರ ಆಗಸ್ಟ್‌ನಲ್ಲಿ ಕೊಲೆಯಾದ ಪಿಜಿ ಹುಡುಗಿ ರಾತ್ರಿ ಡ್ಯೂಟಿಯ ನಡುವೆ ಕಣ್ಣು ಮುಚ್ಚಲು ಹೋದದ್ದು ಸೆಮಿನಾರ್ ಹಾಲಿಗೆ.

ಇಷ್ಟಕ್ಕೆಲ್ಲ ಆಡಳಿತದವರ ಔಷಧಿ ಒಂದೇ: ಯೋಗ ಶಿಬಿರ. ನಾನೂ ದಿನಾ ಪ್ರಾಣಾಯಾಮ ಮಾಡುವವಳೇ, ಅದರ ಮೇಲೆ ನನಗೇನೂ ಮುನಿಸಿಲ್ಲ. ಆದರೆ ನೈಟ್ ಡ್ಯೂಟಿ ಮುಗಿಸಿ ಬಂದವರನ್ನು ಹಾಜರಿ ಕಡ್ಡಾಯ ಅಂತ ಆಡಿಟೋರಿಯಂನಲ್ಲಿ ಕೂರಿಸಿ 'ಒತ್ತಡ ನಿರ್ವಹಣೆ' ಹೇಳಿಕೊಡುವುದು ಕುಚೋದ್ಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ ಕೆಲಸದ ಜಾಗದ ವಿದ್ಯಮಾನ ಎಂದು ಗುರುತಿಸಿತು. ಚಿಕಿತ್ಸೆ ಬೇಕಾದದ್ದು ಡ್ಯೂಟಿ ಲಿಸ್ಟಿಗೆ.

ಹಾಗೆಂದು ನಿನ್ನ ಮೇಲೆ ನೀನೇ ಒಂದು ಕಣ್ಣಿಡುವುದನ್ನು ಬಿಡಬೇಡ. ಎರಡು ದಿನ ಚೆನ್ನಾಗಿ ಮಲಗಿ ಎದ್ದರೂ ಏನೂ ರುಚಿಸದಿದ್ದರೆ, ಬೆಳಿಗ್ಗೆ ಎದೆ ಹೊಡೆದುಕೊಂಡರೆ, ನಾನೇ ಇಲ್ಲವಾದರೆ ಒಳ್ಳೆಯದು ಎಂಬ ಯೋಚನೆ ಸುಳಿದರೂ, ಅದು ದಣಿವಲ್ಲ, ಡಿಪ್ರೆಷನ್ ಇರಬಹುದು. ಪರೀಕ್ಷೆಯಲ್ಲಿ ನೀನೇ ಇದರ ಬಗ್ಗೆ ಹತ್ತು ಮಾರ್ಕಿಗೆ ಬರೆದಿದ್ದೀಯ. ಸೈಕಿಯಾಟ್ರಿ ಓಪಿಡಿಯಲ್ಲಿ ಬ್ಯಾಚ್‌ಮೇಟ್ ಕೂತಿರುತ್ತಾನೆ ಅಂತ ನಾಚಿಕೆಯಾದರೆ ಪಕ್ಕದೂರಿಗೆ ಹೋಗು, ಅಥವಾ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ, ದುಡ್ಡಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೌಪ್ಯತೆ ನಿನ್ನ ಹಕ್ಕು. ರೆಪ್ ಕೊಟ್ಟ ಸ್ಯಾಂಪಲ್ ಸ್ಟ್ರಿಪ್ಪಿನಿಂದ ಅರ್ಧ ಮಾತ್ರೆ ಮುರಿದು ನುಂಗುವ ವೈದ್ಯ ಮಾತ್ರ ನೀನಾಗಬೇಡ. ಅಂಥವರನ್ನು ಕಂಡಿದ್ದೇನೆ. ಬೀರುವಿನ ಕೀ ತನ್ನ ಕೈಯಲ್ಲೇ ಇರುವವನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ನಿನ್ನ ಹವ್ಯಾಸವಾಗಿದ್ದ ನಾಟಕ ಯಾಕೆ ಬಿಟ್ಟೆ ಅಂತಲೂ ಕೇಳಬೇಕೆಂದಿದ್ದೆ. ಬೆಂಗಳೂರಿನಲ್ಲಿ ಪ್ರಾಕ್ಟೀಸು ಮಾಡುತ್ತಲೇ ಡಾ. ಎಂ. ಶಿವರಾಂ, ನಮ್ಮ ರಾಶಿ, 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಶುರು ಮಾಡಿ ಕಾಲು ಶತಮಾನ ನಾಡನ್ನು ನಗಿಸಿದರು ಅಂತ ಉದಾಹರಣೆ ಕೊಡಲು ಹೊರಟಿದ್ದೆ. ಬೇಡ ಬಿಡು. ಸಂಜೆ ಎಂಬುದು ಇದ್ದವರಿಗೆ ಆ ಮಾತು. ನಿನಗೆ ಹವ್ಯಾಸವೂ ಇನ್ನೊಂದು ಡ್ಯೂಟಿ ಆದೀತು. ಸದ್ಯಕ್ಕೆ ಮಲಗು.

ನಿಮ್ಮಪ್ಪ "ಹೊಂದಿಕೊಂಡು ಹೋಗು" ಅಂದನಂತೆ. ನನ್ನ ತಮ್ಮ ಒಳ್ಳೆಯವನೇ. ಆದರೆ ಅವನಿಗೆ ನೀಟ್ ರ್‍ಯಾಂಕು ಗೊತ್ತು, ಬ್ಯಾಂಕಿನ ಸಾಲ ಗೊತ್ತು, ಸೀಟು ಬಿಟ್ಟರೆ ಕಟ್ಟಬೇಕಾದ ದಂಡ ಗೊತ್ತು. ಮೂವತ್ತಾರು ಗಂಟೆ ನಿಂತ ಕಾಲು ಗೊತ್ತಿಲ್ಲ. ಅವನ ಹತ್ತಿರ ನಾನು ಮಾತಾಡುತ್ತೇನೆ. ಬಿಡಲೇಬೇಕು ಅನ್ನಿಸಿದರೆ ಬಿಡುವುದೂ ಒಂದು ದಾರಿ, ಅದನ್ನು ಹಗಲು ಹೊತ್ತಿನಲ್ಲಿ, ಹೊಟ್ಟೆ ತುಂಬಿದ ಮೇಲೆ ಕೂತು ಯೋಚಿಸೋಣ. ನಿನ್ನ ಮಟ್ಟಿಗೆ ಆ ಪ್ರಮೇಯ ಬರಲಾರದು ಅಂತ ನನ್ನ ಅಂದಾಜು.

ಇನ್ನು ಕೆಲವೇ ತಿಂಗಳಲ್ಲಿ ಹೊಸ ಬ್ಯಾಚು ಬರುತ್ತೆ, ಯೂನಿಟ್ಟಿನ ಡ್ಯೂಟಿ ಲಿಸ್ಟು ನಿನ್ನ ಕೈಗೆ ಬರುತ್ತೆ. ಆಗ ನೈಟ್ ಮಾಡಿದವನನ್ನು ಮಾರನೆಯ ಮಧ್ಯಾಹ್ನ ಒಂದು ಗಂಟೆಗೆ ಕಳಿಸು. ಅವನ ಡಿಸ್ಚಾರ್ಜ್ ಸಮ್ಮರಿಯನ್ನು ಸರದಿ ಪ್ರಕಾರ ಉಳಿದವರು ಬರೆಯಲಿ, ನೀನೂ ಬರೆ. ಚೀಫ್ ಗೊಣಗಬಹುದು. ಸಮ್ಮರಿಗಳು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಯಾರು ಬರೆದರೆಂದು ಅವರು ಕೇಳುವುದಿಲ್ಲ.

ಆ 20 ದಿನದ ರಜೆಯಲ್ಲಿ ಎಷ್ಟು ತೆಗೆದುಕೊಂಡಿದ್ದೀಯ? ಅರ್ಜಿ ಬರೆದು ಶುಕ್ರವಾರದೊಳಗೆ ಕೊಡು. ನಾಲ್ಕು ದಿನಕ್ಕೆ ಕೇಳಿದರೆ ಎರಡು ದಿನ ಕೊಡುತ್ತಾರೆ. ಕೊಟ್ಟೆಯಾ ಅಂತ ಶನಿವಾರ ಫೋನ್ ಮಾಡುತ್ತೇನೆ; ಮಲಗಿದ್ದರೆ ಎತ್ತಬೇಡ.

ಇತಿ,
ನಿನ್ನ ಅತ್ತೆ