ನಿಧಾನವೇ ಪ್ರಧಾನ: ಟ್ರಯಲ್ಸ್ ಸವಾರಿಯ ಪಾಠ

ಬ್ರಹ್ಮಾವರದಿಂದ ಕುಂದಾಪುರ, ಮರವಂತೆಗಳನ್ನು ಹಾದು ಬೈಂದೂರಿಗೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಅನೇಕ ತರುಣರಿಗೆ ಮೋಟಾರು ಸೈಕಲ್ಲೆಂದರೆ ವೇಗವೇ. ಆದರೆ ವೇಗಕ್ಕೆ ಮನ್ನಣೆಯಿಲ್ಲದ ಸವಾರಿಯೂ ಒಂದುಂಟು; ಅದೇ ಟ್ರಯಲ್ಸ್. ಸ್ಕಾಟ್ಲೆಂಡಿನ ಪ್ರಸಿದ್ಧ ಆರು ದಿನಗಳ ಸ್ಪರ್ಧೆಯ ಮೂಲ 1909ಕ್ಕೆ ಸೇರಿದುದು. ವಿಶ್ವ ಚಾಂಪಿಯನ್‌ಷಿಪ್ 1975ರಲ್ಲಿ ಆರಂಭವಾಯಿತು.

ಈ ವಾಹನದ ತೂಕ ಸುಮಾರು 70 ಕಿಲೋಗ್ರಾಂ. ಕುಳಿತುಕೊಳ್ಳಲು ಆಸನವಿಲ್ಲ, ಸವಾರನು ಕಾಲ್ಮೆಟ್ಟುಗಳ ಮೇಲೆ ನಿಂತೇ ಸಾಗಬೇಕು. ಟೈರುಗಳಲ್ಲಿ ಗಾಳಿ ಕಡಿಮೆಯಿರುವುದರಿಂದ ಅವು ಒದ್ದೆಗಲ್ಲನ್ನೂ ಬೇರನ್ನೂ ಬಿಗಿಯಾಗಿ ಹಿಡಿಯುತ್ತವೆ. ಕ್ಲಚ್ಚನ್ನು ಒಂದೇ ಬೆರಳು ನಿಯಂತ್ರಿಸುತ್ತದೆ.

ಗುರುತು ಹಾಕಿದ ಹಾದಿಯಲ್ಲಿ ಪಾದವೊಮ್ಮೆ ನೆಲ ಮುಟ್ಟಿದರೆ 1 ದಂಡಾಂಕ, ಎರಡು ಬಾರಿಗೆ 2, ಅದಕ್ಕೂ ಹೆಚ್ಚಾದರೆ 3, ಹಾದಿ ತಪ್ಪಿದರೆ ಅಥವಾ ಬಿದ್ದರೆ 5. ಕಡಿಮೆ ಅಂಕ ಪಡೆದವನೇ ವಿಜಯಿ. ಎಣಿಸಲು ವೀಕ್ಷಕನೊಬ್ಬನು ಬದಿಯಲ್ಲಿ ನಿಂತಿರುತ್ತಾನೆ. ಸವಾರರು ಮೊದಲು ಆ ಹಾದಿಯನ್ನು ಕಾಲ್ನಡಿಗೆಯಲ್ಲಿ ಪರೀಕ್ಷಿಸುತ್ತಾರೆ. ಎದುರಾಳಿಗಳೂ ಕಲ್ಲಿನ ಗುಣವನ್ನು ಪರಸ್ಪರ ಚರ್ಚಿಸುವುದುಂಟು.

ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಮರುಭೂಮಿ, ಬೆಟ್ಟಗಳ ಕಠಿಣ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಅಂತಹ ನುರಿತವರೂ 2021ರಲ್ಲಿ ಅದೇ ರ್‍ಯಾಲಿಯಲ್ಲಿ ತೀವ್ರವಾಗಿ ಗಾಯಗೊಂಡರು. ವೇಗವು ಪರಿಣತರನ್ನೂ ಬಿಡದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದುದರಿಂದ ಕರಾವಳಿಯ ಶಾಲಾ ಮೈದಾನದ ಒಂದು ಮೂಲೆಯಲ್ಲಿ ಕೆಲವು ಮುರಕಲ್ಲು, ಒಂದು ಮರದ ದಿಮ್ಮಿ ಇರಿಸಿ, ಶಿರಸ್ತ್ರಾಣ ತೊಡಿಸಿ, ಶಿಕ್ಷಕರ ಕಣ್ಗಾವಲಿನಲ್ಲಿ ಸೈಕಲ್ಲಿನಿಂದಲೇ ಸಮತೋಲನವನ್ನು ಕಲಿಸುವುದು ಯೋಗ್ಯ. ಅಲ್ಲಿ ತಪ್ಪಿಗೆ ತೆರುವುದು ಒಂದು ದಂಡಾಂಕ. ಹೆದ್ದಾರಿಯಲ್ಲಿ ತೆರಬೇಕಾದುದು ಪ್ರಾಣ.