ಚಿತ್ರದ ಚಿನ್ನ ಏಕೆ ಮಾಸುವುದಿಲ್ಲ?



ಶ್ರೀರಾಮ ಪಟ್ಟಾಭಿಷೇಕ, ಚಾಮುಂಡೇಶ್ವರಿ, ಸರಸ್ವತಿ ಮುಂತಾದ ದೇವರ ಹಳೆಯ ಚಿತ್ರಗಳನ್ನು ನೀವು ಎಲ್ಲಾದರೂ ನೋಡಿರಬಹುದು. ಅವುಗಳಲ್ಲಿ ಕಿರೀಟ, ಒಡವೆ, ಸೀರೆಯ ಅಂಚು, ಸಿಂಹಾಸನ ಎಲ್ಲವೂ ಚಿನ್ನದಂತೆ ಹೊಳೆಯುತ್ತವೆ. ಸಂಪ್ರದಾಯದ ಪ್ರಕಾರ ಬರೆದ ಮೈಸೂರು ಚಿತ್ರವಾದರೆ ಅದು ನಿಜವಾದ ಚಿನ್ನವೇ! ನೂರೈವತ್ತು ವರ್ಷ ಹಳೆಯ ಚಿತ್ರದಲ್ಲೂ ಆ ಹೊಳಪು ಉಳಿದಿರುತ್ತದೆ. ಆದರೆ ನಮ್ಮ ಮನೆಯ ತಾಮ್ರದ ಚೊಂಬನ್ನು ಆಗಾಗ ಹುಣಸೆಹಣ್ಣು ಹಾಕಿ ಉಜ್ಜಬೇಕಾಗುತ್ತದೆ. ಹೀಗೇಕೆ? ಬನ್ನಿ, ತಿಳಿಯೋಣ.

ಕಲೆ ಬಂದ ದಾರಿ

ಈ ಕಲೆಯ ಬೇರು ವಿಜಯನಗರ ಸಾಮ್ರಾಜ್ಯದಲ್ಲಿದೆ. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಅಲ್ಲಿನ ಚಿತ್ರಕಾರರು ಆಶ್ರಯ ಹುಡುಕುತ್ತಾ ಬೇರೆ ಬೇರೆ ಊರುಗಳಿಗೆ ಹೋದರು. ಕೆಲವರಿಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಒಡೆಯರ ಆಶ್ರಯ ದೊರೆಯಿತು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ ಈ ಕಲೆ ಬಹಳ ಬೆಳೆಯಿತು. ತಮಿಳುನಾಡಿನ ತಂಜಾವೂರು ಚಿತ್ರಕಲೆಯೂ ಇದರ ಸೋದರಿಯೇ. ಅಲ್ಲಿ ಚಿನ್ನದ ಕೆಳಗಿನ ಉಬ್ಬು ದಪ್ಪ. ನಡುವೆ ಗಾಜಿನ ಹರಳುಗಳನ್ನೂ ಕೂರಿಸುತ್ತಾರೆ. ಮೈಸೂರು ಚಿತ್ರದಲ್ಲಿ ಉಬ್ಬು ತೆಳು, ಕುಸುರಿ ನಯ.

ಚಿನ್ನ ಅಂಟಿಸುವ ಬಗೆ

ಮೊದಲು ಹಲಗೆ ಅಥವಾ ರಟ್ಟಿನ ಮೇಲೆ ಕಾಗದ ಅಂಟಿಸುತ್ತಾರೆ. ಹಿಂದಿನ ಕಲಾವಿದರು ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಚಿನ್ನ ಬರಬೇಕಾದ ಕಡೆ, ಬಿಳಿಯ ಪುಡಿ ಮತ್ತು ಅಂಟು ಬೆರೆಸಿದ ಸರಿಯಿಂದ ಉಬ್ಬು ಗೆರೆಗಳನ್ನು ಬರೆಯುತ್ತಾರೆ. ಅದರ ಮೇಲೆ ಚಿನ್ನದ ರೇಕನ್ನು, ಅಂದರೆ ಬಹಳ ತೆಳುವಾದ ಹಾಳೆಯನ್ನು, ಅಂಟಿಸುತ್ತಾರೆ. ಕೊನೆಗೆ ಚಿತ್ರದ ಮೇಲೆ ತೆಳು ಕಾಗದ ಹೊದಿಸಿ ನಯವಾದ ಕಲ್ಲಿನಿಂದ ತಿಕ್ಕಿ ಹೊಳಪು ಬರಿಸುತ್ತಾರೆ.

ಹಿಂದೆ ಆ ಬಿಳಿಯ ಪುಡಿ ಸೀಸದ ಸಂಯುಕ್ತವಾಗಿತ್ತು. ಸೀಸ ವಿಷ. ಅದರ ಪುಡಿ ಉಸಿರಿನೊಂದಿಗೆ ಒಳಹೋದರೆ ಕಲಾವಿದರ ಆರೋಗ್ಯಕ್ಕೇ ಹಾನಿ. ಆದ್ದರಿಂದ ವಿಷವಿಲ್ಲದ ಬಿಳಿ ಪುಡಿಯನ್ನು ಬಳಸುವುದೇ ಜಾಣತನ.

ಒಂದು ಗ್ರಾಂ ಚಿನ್ನ ಎಷ್ಟು ದೂರ ಬರುತ್ತದೆ?

ಲೋಹವನ್ನು ಬಡಿದು ಹಾಳೆ ಮಾಡಬಹುದಾದ ಗುಣಕ್ಕೆ ಕುಟ್ಯತೆ ಎಂದು ಹೆಸರು. ಈ ಗುಣದಲ್ಲಿ ಚಿನ್ನಕ್ಕೆ ಮೊದಲ ಸ್ಥಾನ. ಅದನ್ನು ಬಡಿದು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ತೆಳು ಮಾಡಬಹುದು. ಅಂದರೆ ಇಂತಹ 10,000 ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಎತ್ತರ ಕೇವಲ 1 ಮಿಲಿಮೀಟರ್! ನಿಮ್ಮ ನೋಟ್ ಪುಸ್ತಕದ ಹಾಳೆ ಇದಕ್ಕಿಂತ ಸುಮಾರು ಸಾವಿರ ಪಟ್ಟು ದಪ್ಪ.

ಒಂದು ಘನ ಸೆಂಟಿಮೀಟರ್ ಚಿನ್ನದ ತೂಕ 19.3 ಗ್ರಾಂ. ಲೆಕ್ಕ ಹಾಕಿದರೆ, ಒಂದೇ ಒಂದು ಗ್ರಾಂ ಚಿನ್ನ ಸುಮಾರು ಅರ್ಧ ಚದರ ಮೀಟರ್ ಜಾಗವನ್ನು ಮುಚ್ಚುತ್ತದೆ. ಇಡೀ ಚಿತ್ರ ಬಂಗಾರದಂತೆ ಕಂಡರೂ ಅದರಲ್ಲಿರುವ ಬಂಗಾರ ಬಹಳ ಸ್ವಲ್ಪ ಎಂಬುದು ಈಗ ತಿಳಿಯಿತಲ್ಲವೇ?

ಮಾಸದಿರುವ ಗುಟ್ಟು

ತಾಮ್ರ ಗಾಳಿಯಲ್ಲಿರುವ ಆಕ್ಸಿಜನ್ ಜೊತೆ ಸೇರಿ ಕಪ್ಪಾಗುತ್ತದೆ. ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ ಕಪ್ಪಾಗುತ್ತದೆ. ಚಿನ್ನ ಮಾತ್ರ ಆಕ್ಸಿಜನ್, ನೀರು, ತೇವ ಯಾವುದರೊಂದಿಗೂ ಸುಲಭವಾಗಿ ಸೇರುವುದಿಲ್ಲ. ಚಿತ್ರದ ಚಿನ್ನ ಮಾಸದಿರಲು ಇದೇ ಕಾರಣ.

ಚಿನ್ನ ದುಬಾರಿ ಎಂದು ಕೆಲವರು ಚಿನ್ನದ ಬಣ್ಣದ ಹಿತ್ತಾಳೆ ಹಾಳೆಯನ್ನು ಬಳಸುತ್ತಾರೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಹೊಸದರಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ಆದರೆ ಗಾಳಿ, ತೇವ ತಗುಲಿದ ಹಿತ್ತಾಳೆ ವರ್ಷಗಳು ಕಳೆದಂತೆ ಕಂದುತ್ತದೆ.

ಹಾಗಾದರೆ ಹಳೆಯ ಚಿತ್ರಗಳಿಗೆ ಏನೂ ಆಗುವುದಿಲ್ಲವೇ? ಆಗುತ್ತದೆ! ಚಿನ್ನಕ್ಕೆ ತುಕ್ಕಿಲ್ಲ, ಆದರೆ ಅದನ್ನು ಹಿಡಿದಿರುವ ಅಂಟಿಗೆ ವಯಸ್ಸಾಗುತ್ತದೆ. ಕಾಗದ ಹುಳಕ್ಕೆ ಆಹಾರವಾಗುತ್ತದೆ. ದೀಪದ ಮಸಿ ಬಣ್ಣದ ಮೇಲೆ ಕೂರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಅಂಟು ನೆನೆದು ರೇಕು ಎದ್ದು ಬರಬಹುದು. ಆದ್ದರಿಂದ ಮನೆಯಲ್ಲೋ ಭಜನೆ ಮಂದಿರದಲ್ಲೋ ಇಂತಹ ಚಿತ್ರವಿದ್ದರೆ ಗಾಜಿನ ಚೌಕಟ್ಟಿನೊಳಗೆ, ತೇವವಿಲ್ಲದ ಗೋಡೆಯ ಮೇಲೆ, ದೀಪದಿಂದ ದೂರ ಇರಲಿ ಎಂದು ಹಿರಿಯರಿಗೆ ತಿಳಿಸಿ. ಒಮ್ಮೆ ಅಳಿಸಿಹೋದ ಚಿತ್ರವನ್ನು ಬರೆದ ಕೈಗಳು ಮತ್ತೆ ಬಂದು ಬರೆಯುವುದಿಲ್ಲ.

ಮಾಡಿ ನೋಡಿ

1. ಎರಡು ತಾಮ್ರದ ತಂತಿಯ ತುಂಡುಗಳನ್ನು ಹುಣಸೆಹಣ್ಣಿನಿಂದ ಉಜ್ಜಿ, ತೊಳೆದು, ಒರೆಸಿ. ಒಂದಕ್ಕೆ ಎಲ್ಲ ಕಡೆ ಮೇಣ ಸವರಿ, ಇನ್ನೊಂದನ್ನು ಹಾಗೆಯೇ ಬಿಡಿ. ಎರಡನ್ನೂ ತೇವವಿರುವ ಜಾಗದಲ್ಲಿಡಿ. ಮೂರು ವಾರಗಳ ನಂತರ ಮೇಣ ತೆಗೆದು ಹೋಲಿಸಿ. ವ್ಯತ್ಯಾಸವನ್ನು ಬರೆದಿಡಿ.

2. ಸೀಮೆಸುಣ್ಣದ ಪುಡಿಗೆ ಗೋಂದು ಬೆರೆಸಿ ಗಟ್ಟಿ ಸರಿ ಮಾಡಿ. ಪ್ಲಾಸ್ಟಿಕ್ ಹಾಳೆಯನ್ನು ಮೆಹೆಂದಿ ಕೋನಿನಂತೆ ಸುತ್ತಿ, ಅದರಲ್ಲಿ ಸರಿ ತುಂಬಿ ರಟ್ಟಿನ ಮೇಲೆ ಹೂವಿನ ಗೆರೆ ಎಳೆಯಿರಿ. ಒಣಗಿದ ಮೇಲೆ ಗೋಂದು ಸವರಿ, ಚಿನ್ನದ ಬಣ್ಣದ ಕಾಗದ ಅಂಟಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ. ಉಬ್ಬು ಗೆರೆಯ ಮೇಲೆ ಬೆಳಕು ಹೇಗೆ ಆಡುತ್ತದೆ, ನೋಡಿ.

ಯೋಚಿಸಿ ಉತ್ತರಿಸಿ

ಚಿತ್ರ ಬರೆದವರಿಗೆ ರಸಾಯನಶಾಸ್ತ್ರದ ಪುಸ್ತಕ ಇರಲಿಲ್ಲ. ಚಿನ್ನ ಮಾಸುವುದಿಲ್ಲ ಎಂದು ಅವರು ಹೇಗೆ ತಿಳಿದಿರಬಹುದು? ತರಗತಿಯಲ್ಲಿ ಚರ್ಚಿಸಿ.