ಬರಗಾಲದಲ್ಲಿ ಶಾಲೆಯ ಕೈತೋಟ

2023ರ ಆಗಸ್ಟ್‌ನಲ್ಲಿ ದೇಶದಲ್ಲಿ ಸುರಿದಷ್ಟು ಕಡಿಮೆ ಮಳೆ 1901ರಿಂದೀಚೆಗೆ ಯಾವ ಆಗಸ್ಟ್‌ನಲ್ಲಿಯೂ ಸುರಿದಿರಲಿಲ್ಲ. ಮುಂದಿನ ತಿಂಗಳೇ ಕರ್ನಾಟಕ ಸರ್ಕಾರವು 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಆ ವರ್ಷ ನಮ್ಮೂರಿನ ಪ್ರಾಥಮಿಕ ಶಾಲೆಯ ಕೈತೋಟವು ಹೇಗೆ ನಡೆಯಿತೆಂಬುದನ್ನು ಸಹಪಾಠಿಗಳು ಕ್ಷುಲ್ಲಕ ವಿಷಯವೆಂದು ಎಣಿಸಬಾರದು. ಬಿಸಿಯೂಟದ ಸಾರಿಗೆ ಸೊಪ್ಪು ಬರುತ್ತಿದ್ದುದು ಅಲ್ಲಿಂದಲೇ.

ಟೊಮೇಟೊ ಹೂ ಬಿಡುವ ಮೊದಲೇ ಬಾಡಿತು. ಬದನೆ ಕೆಲಕಾಲ ತಾಳಿತು. ಬೇರು ಆಳಕ್ಕಿಳಿದಿದ್ದ ಹಳೆಯ ನುಗ್ಗೆಮರ ಮಾತ್ರ ಬರವನ್ನು ಲೆಕ್ಕಿಸಲಿಲ್ಲ. ಉಳಿದ ಪಾತಿಗಳಿಗೆ ಗತಿಯಾದುದು ಮಕ್ಕಳು ಕೈ, ತಟ್ಟೆ ತೊಳೆದ ನೀರು. ಚರಂಡಿ ಸೇರುತ್ತಿದ್ದ ಅದಕ್ಕೆ ಶಿಕ್ಷಕರೂ ಮಕ್ಕಳೂ ಸಣ್ಣ ಕಾಲುವೆ ತೋಡಿ, ಸಾಬೂನು ಬೆರೆತದ್ದನ್ನು ಬಾಳೆಯ ಬುಡಕ್ಕೂ ಉಳಿದದ್ದನ್ನು ಸೊಪ್ಪಿನ ಪಾತಿಗೂ ತಿರುಗಿಸಿದರು. ನೇರ ಬಿಸಿಲು ತಾಕದಂತೆ ಮಣ್ಣಿಗೆ ತರಗೆಲೆ ಹೊದಿಸಿದರು. ತೇವವು ಹೆಚ್ಚು ದಿನ ನಿಲ್ಲತೊಡಗಿತು. ಗೆದ್ದಲಿನ ಕಾಟವೂ ಹೆಚ್ಚಿತೆನ್ನಿ. ಸುಮಾರು ತಿಂಗಳಿಗೆ ಕೊಯ್ಲಿಗೆ ಬರುವ ಹರಿವೆಯನ್ನೇ ಮತ್ತೆ ಮತ್ತೆ ಬಿತ್ತಿದರು. ವಿರಳ ಸಾಧನಗಳ ವಿನಿಯೋಗವೆಂದು ನಾವು ಅರ್ಥಶಾಸ್ತ್ರದ ತರಗತಿಯಲ್ಲಿ ಬರೆದುಕೊಳ್ಳುವುದು ಇದನ್ನೇ.

ಆದರೆ ಈ ಏರ್ಪಾಡಿಗೊಂದು ದೌರ್ಬಲ್ಯವುಂಟು. ಮಕ್ಕಳು ಉಂಡರೆ ನೀರು, ನೀರಿದ್ದರೆ ಸೊಪ್ಪು. ಅಕ್ಟೋಬರ್‌ನ ದಸರಾ ರಜೆಯಲ್ಲಿ ಊಟವೂ ಇಲ್ಲ, ತೊಳೆಯುವ ತಟ್ಟೆಯೂ ಇಲ್ಲ. ಆಗಸ್ಟ್‌ನ ಬಿಸಿಲಿಗೆ ಜಗ್ಗದಿದ್ದ ಹರಿವೆ ಆ ದಿನಗಳಲ್ಲಿ ಒಣಗಿತು. ರಜೆ ಮುಗಿದ ಮೊದಲ ದಿನ ಸಾರಿಗೆ ಬಿದ್ದದ್ದು ನುಗ್ಗೆಸೊಪ್ಪು.